ವಾಗಣಗೇರಾದ ಪಿಡ್ಡನಾಯಕನೂ ಅವನ ಗುರಿಕಾರರೂ

ಮೊಗಲ ಪಾದಶಹ ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಯಾವುದು ಎಂದು ಕೇಳಿದರೆ, ನಮ್ಮಲ್ಲಿ ಬಹುಮಂದಿ ಸಹ್ಯಾದ್ರಿಯ ಯಾವುದಾದರೊಂದು ಮರಾಠಾ ದುರ್ಗದ ಹೆಸರನ್ನು ಹೇಳಿಯಾರು. ಆ ಕೋಟೆ ಸಹ್ಯಾದ್ರಿಯಲ್ಲಿಲ್ಲ. ನಮ್ಮ ರಂಗಂಪೇಟೆಗೆ ನೆರೆಯಲ್ಲಿಯೇ, ಸುರಪುರದ ಪಡುವಣ ದಿಕ್ಕಿನಲ್ಲಿ ನಾಲ್ಕು ಹರದಾರಿಯೂ ಇಲ್ಲದ ವಾಗಣಗೇರಾದಲ್ಲಿದೆ. 1705ನೆಯ ಇಸವಿಯಲ್ಲಿ ಎಂಬತ್ತಾರು ವರ್ಷದ ಆ ಮುದಿ ಪಾದಶಹನನ್ನು ಸುಮಾರು ಮೂರು ತಿಂಗಳ ಕಾಲ ಈ ಗುಡ್ಡದ ಕೆಳಗೆ ನಿಲ್ಲಿಸಿದವನು ಪಿಡ್ಡನಾಯಕ. ಬಿಜಾಪುರವನ್ನೂ ಗೋಳಕೊಂಡೆಯನ್ನೂ ನುಂಗಿದ ಸೈನ್ಯಕ್ಕೆ ಒಬ್ಬ ಬೇಡರ ದೊರೆ ಹೇಗೆ ಇದಿರು ನಿಂತ ಎಂಬುದನ್ನು ನನಗೆ ತಿಳಿದಮಟ್ಟಿಗೆ ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಕಡೆ ಈ ಪ್ರಶ್ನೆಗೆ ಒಂದು ಸಿದ್ಧವಾದ ಉತ್ತರವಿದೆ. ಗುರಿ ಬೇಡರ ರಕ್ತದಲ್ಲಿಯೇ ಇದೆ, ಹುಟ್ಟುವಾಗಲೇ ಅದು ಕಣ್ಣಿನೊಳಗೆ ಕೂತಿರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೆಮ್ಮೆಯಿಂದ ಹೇಳುವ ಈ ಮಾತನ್ನು ಕೇಳಲು ಹಿತವಾಗಿರುತ್ತದೆ. ಆದರೆ ಇದೇ ಮಾತನ್ನು ತಿರುಗಿಸಿ, ಇವರಿಗೆ ಬೇಟೆ ಬಂದೀತು, ಅಕ್ಷರ ಬಾರದು ಎಂದವರೂ ಇದ್ದಾರೆ. ರಕ್ತದ ಮೇಲೆ ಕಟ್ಟಿದ ಹೊಗಳಿಕೆಗೂ ರಕ್ತದ ಮೇಲೆ ಕಟ್ಟಿದ ತೆಗಳಿಕೆಗೂ ಬುನಾದಿ ಒಂದೇ. ಪಿಡ್ಡನಾಯಕನ ಚರಿತ್ರೆಯನ್ನು ಓದಿದಾಗ ನನಗೆ ಕಂಡದ್ದು ಬೇರೆ. ಅವನ ಜನರ ಗುರಿ ತಪ್ಪದಿದ್ದುದಕ್ಕೆ ಕಾರಣ ಅವರ ಕೈಯ ದುಡಿಮೆ.

ಕೃಷ್ಣೆ ಮತ್ತು ಭೀಮೆಯರ ನಡುವಿನ ಈ ಸೀಮೆ ಬೇಡರ ನೆಲೆ. ಆದಿಲಶಾಹಿಯ ಕಾಲದಲ್ಲಿ ಇಲ್ಲಿಯ ನಾಯಕರು ಬಿಜಾಪುರಕ್ಕೆ ನಡೆದುಕೊಳ್ಳುತ್ತಿದ್ದರು. ಅವರ ಮುಖ್ಯ ಠಾಣ್ಯ ಇಂದಿನ ಶಹಾಪುರ ತಾಲೂಕಿನ ಸಗರ. ಅಲ್ಲಿ ಆಳುತ್ತಿದ್ದವನು ಪಾಮನಾಯಕ. 1685-86ರಲ್ಲಿ ಬಿಜಾಪುರಕ್ಕೂ 1687ರಲ್ಲಿ ಗೋಳಕೊಂಡೆಗೂ ಮೊಗಲರು ಮುತ್ತಿಗೆ ಹಾಕಿದಾಗ ಅವನು ಎರಡೂ ಕಡೆಗೆ ನೆರವು ಕಳುಹಿಸಿದ್ದನು. ಎರಡೂ ರಾಜ್ಯಗಳು ಬಿದ್ದುವು. ಬಳಿಕ ಮೊಗಲ ಸೈನ್ಯ ಸಗರದ ಮೇಲೆ ಬಂದಿತು. 1687ರ ನವೆಂಬರಿನಲ್ಲಿ ಸಗರ ಕೈಬಿಟ್ಟಿತು. ಪಾಮನಾಯಕನು ಪಾದಶಹನ ದರ್ಬಾರಿಗೆ ಹೋಗಿ ತಲೆಬಾಗಿದನು; ಹೋದ ಕೆಲವೇ ದಿನಗಳಲ್ಲಿ ಅಲ್ಲಿಯೇ ತೀರಿಕೊಂಡನು. ಪಿಡ್ಡನಾಯಕನು ಇವನ ಅಣ್ಣತಮ್ಮಂದಿರ ಸಂತಾನ, ದತ್ತುಪುತ್ರ, ಮತ್ತು ಉತ್ತರಾಧಿಕಾರಿ.

ರಾಜ್ಯ ಕಳೆದುಕೊಂಡ ಯುವಕನಿಗೆ ಆಗ ಉಳಿದಿದ್ದ ದಾರಿ ಗೆದ್ದವರ ಚಾಕರಿಯೊಂದೇ. ಪಿಡ್ಡನಾಯಕನು ಮೊಗಲ ಸೈನ್ಯವನ್ನು ಸೇರಿದನು. 1689ರಲ್ಲಿ ರೂಹುಲ್ಲಾಖಾನನು ರಾಯಚೂರನ್ನು ಮುತ್ತಿದಾಗ ಇವನು ಅವನ ಕೈಕೆಳಗೆ ದುಡಿದನು. ಮೊಗಲರು ಮುತ್ತಿಗೆಯನ್ನು ಹೇಗೆ ನಡೆಸುತ್ತಾರೆ, ಮೋರ್ಚೆಗಳನ್ನು ಹೇಗೆ ಕಟ್ಟುತ್ತಾರೆ, ಅವರ ಸರದಾರರಲ್ಲಿ ಯಾರಿಗೂ ಯಾರಿಗೂ ಆಗದು, ಎಂಬುದೆಲ್ಲವನ್ನೂ ಅವನು ಅಲ್ಲಿ ಒಳಗಿನಿಂದಲೇ ನೋಡಿರಬೇಕು. ರಾಯಚೂರು ಬಿದ್ದಮೇಲೆ, ಊರಿಗೆ ಹೋಗಿ ಇನ್ನಷ್ಟು ಆಳುಗಳನ್ನು ಕರೆತರುತ್ತೇನೆಂದು ಹೇಳಿ ಒಂದು ವಾರದ ರಜೆ ಪಡೆದು ವಾಗಣಗೇರಾಕ್ಕೆ ಬಂದನು. ಆ ವಾರ ಮುಗಿಯಲೇ ಇಲ್ಲ.

ವಾಗಣಗೇರಾ ಸಗರದ ನೈಋತ್ಯಕ್ಕೆ ಇರುವ ಕಲ್ಲುಗುಡ್ಡ. ಪಿಡ್ಡನಾಯಕನು ಅದರ ಗೋಡೆಗಳನ್ನು ಭದ್ರಪಡಿಸಿದನು. ಸುತ್ತಲಿನ ರೈತರನ್ನು ತನ್ನ ಆಶ್ರಯಕ್ಕೆ ಕರೆದು ನೆಲೆನಿಲ್ಲಿಸಿದನು. ಮದ್ದುಗುಂಡು, ಕಾಳುಕಡಿ ಕೂಡಿಸಿದನು. ಅವನ ಕಾಲಾಳುಗಳ ಸಂಖ್ಯೆ ಹದಿನಾಲ್ಕು ಹದಿನೈದು ಸಾವಿರಕ್ಕೆ ಏರಿತೆಂದು ಚರಿತ್ರಕಾರರು ಬರೆದಿದ್ದಾರೆ. ಈ ಕಾಲಾಳುಗಳಲ್ಲಿ ಹೆಚ್ಚಿನವರು ಕೋವಿಕಾರರು. ಮೊಗಲರ ಪಕ್ಷದ ಬರಹಗಾರರು ಬೇಡರನ್ನು ಕುಲ ಹಿಡಿದು ಹಳಿಯುವುದರಲ್ಲಿ ಎಳ್ಳಷ್ಟೂ ಹಿಂಜರಿದವರಲ್ಲ. ಆದರೂ ದಖ್ಖನದಲ್ಲಿ ಇವರಷ್ಟು ನಿಖರವಾಗಿ ಕೋವಿ ಹೊಡೆಯುವವರಿಲ್ಲ ಎಂಬ ಹೆಸರು ಆ ಬರಹಗಳಿಂದಲೇ ಇಂದಿನವರೆಗೆ ಉಳಿದು ಬಂದಿದೆ. ಹಗೆಯ ಬಾಯಿಂದ ಬಂದ ಈ ಸಾಕ್ಷಿಗೆ ಬೆಲೆ ಹೆಚ್ಚು.

ಈ ಮಾತಿನ ತೂಕ ತಿಳಿಯಬೇಕಾದರೆ ಆ ಕಾಲದ ಕೋವಿ ಹೇಗಿತ್ತೆಂಬುದನ್ನು ಅರಿಯಬೇಕು. ಅದು ಬತ್ತಿಕೋವಿ. ಉದ್ದನೆಯ ಕಬ್ಬಿಣದ ನಳಿಗೆಯ ಬಾಯಿಂದ ಮೊದಲು ಮದ್ದು ಸುರಿಯಬೇಕು. ಅದರ ಮೇಲೆ ಸೀಸದ ಗುಂಡನ್ನಿಟ್ಟು ಸರಳಿನಿಂದ ಬುಡದವರೆಗೆ ಗಿಡಿಯಬೇಕು. ನಳಿಗೆಯ ಬುಡದ ಪಕ್ಕದಲ್ಲಿ ಒಂದು ಸಣ್ಣ ತೂತು. ಅದರ ಹೊರಗಿನ ಬಟ್ಟಲಲ್ಲಿ ಚಿಟಿಕೆ ನುಣ್ಣನೆಯ ಮದ್ದು. ಕುದುರೆಯನ್ನೆಳೆದರೆ ಹೊಗೆಯಾಡುತ್ತಿರುವ ಬತ್ತಿ ಬಂದು ಆ ಬಟ್ಟಲನ್ನು ಮುಟ್ಟುತ್ತದೆ. ಬೆಂಕಿ ತೂತಿನೊಳಗೆ ಹಾಯ್ದು ಒಳಗಿನ ಮದ್ದನ್ನು ಹೊತ್ತಿಸುತ್ತದೆ.

ಈ ಪ್ರತಿಯೊಂದು ಹೆಜ್ಜೆಯಲ್ಲಿಯೂ ಗುರಿ ತಪ್ಪಲು ಒಂದೊಂದು ಬಾಗಿಲಿದೆ. ಕಮ್ಮಾರನ ಕೈಯಲ್ಲಿ ಬಡಿದು ಬೆಸೆದ ನಳಿಗೆಗಳಾದ್ದರಿಂದ ಒಂದರ ಬಾಯಿಯಂತೆ ಇನ್ನೊಂದರ ಬಾಯಿ ಇರುತ್ತಿರಲಿಲ್ಲ. ಗುಂಡು ಕೂದಲೆಳೆಯಷ್ಟು ದಪ್ಪವಾದರೆ ನಡುವೆ ಸಿಕ್ಕಿಕೊಳ್ಳುತ್ತದೆ. ತೆಳುವಾದರೆ ಒಳಗೆ ಆಚೀಚೆ ಬಡಿಯುತ್ತ ಹೋಗಿ ಎತ್ತಲೋ ಹಾರುತ್ತದೆ. ಆದ್ದರಿಂದ ಕೋವಿಗೆ ತಕ್ಕ ಅಚ್ಚು ಬೇಕು. ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದಾಗ ಕೆಲವು ಗುಂಡುಗಳ ಹೊಟ್ಟೆಯಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಕಣ್ಣಿಗೆ ಅದು ಕಾಣದು. ತೂಗಿದರೆ ಮಾತ್ರ ಹಗುರ. ಅಂತಹ ಗುಂಡು ಗಾಳಿಯಲ್ಲಿ ಓಲಾಡುತ್ತ ಹೋಗುತ್ತದೆ. ಹೊಯ್ದಾಗ ಉಳಿದ ಬಾಲವನ್ನು ಸರಿಯಾಗಿ ಕತ್ತರಿಸಿ ಉಜ್ಜದಿದ್ದರೂ ಅದೇ ಗತಿ. ಆದುದರಿಂದ ಗುರಿಕಾರನಾದವನು ನೂರು ಗುಂಡು ಹೊಯ್ದು ಅದರಲ್ಲಿ ಒಂದೇ ಗಾತ್ರದ, ಒಂದೇ ತೂಕದವನ್ನು ಆರಿಸಿ, ಉಳಿದವನ್ನು ಮತ್ತೆ ಕರಗಿಸಬೇಕು.

ಮದ್ದಿನ ಪಾಡೂ ಹೀಗೆಯೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರನ್ನು ಅರೆದು ಬೆರೆಸಿದ್ದೇ ಮದ್ದು. ಬೆರಕೆ ಒಂದೇ ಸಮನಾಗಿಲ್ಲದಿದ್ದರೆ ಇಂದಿನ ಏಟು ನಾಳೆ ಬರುವುದಿಲ್ಲ. ತೇವ ಕುಡಿದರೆ ಬಲ ಕುಗ್ಗುತ್ತದೆ. ಪ್ರತಿ ಸಲವೂ ಒಂದೇ ಅಳತೆಯ ಕೊಳವೆಯಿಂದ, ಒಂದೇ ಮಟ್ಟಕ್ಕೆ ಸುರಿಯಬೇಕು; ಒಂದೇ ಒತ್ತಿನಲ್ಲಿ ಗಿಡಿಯಬೇಕು. ಬತ್ತಿಯೂ ಪೆಟ್ಲುಪ್ಪಿನ ನೀರಲ್ಲಿ ನೆನೆದು ಒಣಗಿ, ಮೊದಲಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಉರಿಯಬೇಕು. ಇಷ್ಟೆಲ್ಲವೂ ಒಂದೇ ಸಮನಾಗಿದ್ದಾಗ ಮಾತ್ರ ಕಣ್ಣಿನ ಚುರುಕಿಗೂ ಕೈಯ ಸ್ಥೈರ್ಯಕ್ಕೂ ಅರ್ಥ ಬರುತ್ತದೆ. ಏಟು ಮೇಲೆ ಬಿದ್ದರೆ ಗುರಿಕಾರನು ಮುಂದಿನ ಸಲ ತುಸು ಕೆಳಗೆ ಗುರಿಯಿಡಬಲ್ಲನು. ಆದರೆ ಒಂದು ಏಟು ಮೇಲೆ, ಒಂದು ಕೆಳಗೆ, ಒಂದು ಪಕ್ಕಕ್ಕೆ ಬಿದ್ದರೆ ಯಾವುದನ್ನು ತಿದ್ದಿಕೊಂಡಾನು? ಗುಂಡುಗಳಲ್ಲಿಯೇ ಸಮತೆ ಇಲ್ಲದಾಗ ಹದ್ದಿನ ಕಣ್ಣಿದ್ದೂ ಪ್ರಯೋಜನವಿಲ್ಲ. ನಮ್ಮ ಮನೆಗಳಲ್ಲಿ ಮುಂದಿನ ಬಿತ್ತನೆಗೆಂದು ರಾಶಿಯ ಕಣದಲ್ಲಿಯೇ ಒಂದೇ ಬಗೆಯ ತುಂಬುತೆನೆಗಳನ್ನು ಆರಿಸಿ ಬೇರೆ ಕಟ್ಟಿಡುವ ತಾಯಂದಿರಿಗೆ ಈ ತತ್ತ್ವವನ್ನು ಯಾರೂ ವಿವರಿಸಬೇಕಾಗಿಲ್ಲ.

ಕಾಲ ಬದಲಾದರೂ ಈ ನಿಯಮ ಬದಲಾಗಿಲ್ಲ. ಅಳತೆ ಮಾಡಿದ ಮದ್ದನ್ನು ಗುಂಡಿನೊಡನೆ ಕಾಗದದಲ್ಲಿ ಸುತ್ತಿಡುವ ರೂಢಿ ಬಂದಿತು; ಅಂತಹ ಕಾಗದದ ಕಾಡತೂಸಿಗೆ ಸವರಿದ ಕೊಬ್ಬೇ 1857ರ ದಂಗೆಗೆ ಒಂದು ಕಿಡಿಯಾಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮುಂದಿನ ದಶಕದಲ್ಲಿಯೇ ಲೋಹದ ಕಾಡತೂಸು ಸೈನ್ಯಗಳಿಗೆ ಬಂದಿತು. 1866ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಾಕ್ಸರನೂ ಅಮೆರಿಕದಲ್ಲಿ ಬರ್ಡಾನನೂ ರೂಪಿಸಿದ ಬಗೆಗಳು ಇಂದಿಗೂ ಅವರ ಹೆಸರಿನಿಂದಲೇ ನಡೆದಿವೆ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು ಬೆರೆತ ಹಿತ್ತಾಳೆಯ ಕವಚ ಬೆಂಕಿಯ ಒತ್ತಡಕ್ಕೆ ಹಿಗ್ಗಿ ನಳಿಗೆಯನ್ನು ಮುಚ್ಚಿಕೊಂಡು, ಒತ್ತಡ ಇಳಿದೊಡನೆ ತುಸು ಕುಗ್ಗಿ ಹೊರಬರುತ್ತದೆ. ಆದ್ದರಿಂದಲೇ ಅದನ್ನು ಮತ್ತೆ ತುಂಬಬಹುದು. ಕಾನೂನಿನ ಪರವಾನಗಿ ಪಡೆದು ಹಾಗೆ ತುಂಬಿಕೊಳ್ಳುವ ಪಂದ್ಯದ ಗುರಿಕಾರರು ಜಗತ್ತಿನ ಅನೇಕ ದೇಶಗಳಲ್ಲಿದ್ದಾರೆ. ಅವರು ಮೊದಲು ಮಾಡುವ ಕೆಲಸ ಖಾಲಿ ಕವಚಗಳನ್ನು ವಿಂಗಡಿಸುವುದು: ಒಂದೇ ಕಾರ್ಖಾನೆಯ ಮುದ್ರೆಯವು ಒಂದು ಕಡೆ, ಒಂದೇ ಸಲ ಹೊಡೆದವು ಒಂದು ಕಡೆ, ಎರಡು ಮೂರು ಸಲ ಹೊಡೆದವು ಬೇರೆ. ಬಳಿಕ ಉದ್ದ, ತೂಕ, ಕೊರಳಿನ ದಪ್ಪ. ಕವಚದ ಗೋಡೆ ದಪ್ಪವಾಗಿದ್ದರೆ ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ಗುಂಡಿನ ವೇಗವೂ ಹೆಚ್ಚು. ಹತ್ತಿರದ ಗುರಿಯಲ್ಲಿ ಅದು ತಿಳಿಯದು, ದೂರದ ಗುರಿಯಲ್ಲಿ ಗೇಣುದ್ದದ ವ್ಯತ್ಯಾಸ. ಪದೇ ಪದೇ ಹೊಡೆದ ಹಿತ್ತಾಳೆ ಬಡಿಸಿಕೊಂಡ ತಂಬಿಗೆಯಂತೆ ಗಡುಸಾಗಿ ಕೊರಳಿನಲ್ಲಿ ಸೀಳುತ್ತದೆ. ಆದ್ದರಿಂದ ಹಳೆಯದನ್ನು ಹೊಸದರೊಡನೆ ಬೆರೆಸುವುದಿಲ್ಲ. ಸೂಕ್ಷ್ಮ ತಕ್ಕಡಿಗಳ ಮುಂದೆ ಕುಳಿತು ಈ ಕೆಲಸ ಮಾಡುವವರೂ, ಒಲೆಯ ಮುಂದೆ ಕುಳಿತು ಸೀಸದ ಗುಂಡು ಆರಿಸುತ್ತಿದ್ದ ಹಳೆಯ ಕೋವಿಕಾರರೂ ಒಂದೇ ಕಸುಬಿನ ನೆಂಟರು.

ಇಂತಹ ಕೋವಿಕಾರರನ್ನು ಸಾವಿರಗಟ್ಟಲೆ ಒಂದೆಡೆ ಕೂಡಿಸಿ, ಅವರಿಗೆ ಸೀಸವನ್ನೂ ಮದ್ದನ್ನೂ ಕಾಳನ್ನೂ ತಪ್ಪದಂತೆ ಒದಗಿಸಿದ್ದು ಪಿಡ್ಡನಾಯಕನ ದೊಡ್ಡತನ. 1691ರಿಂದ ಕೆಲವೇ ವರ್ಷಗಳಲ್ಲಿ ರೂಹುಲ್ಲಾಖಾನ, ರಾಜಕುಮಾರ ಆಜಂ, ಫಿರೋಜ್ ಜಂಗ್ ಹೀಗೆ ಒಬ್ಬರಾದ ಮೇಲೊಬ್ಬರು ಇವನ ಮೇಲೆ ಬಂದರು. ಬಲವಿದ್ದಾಗ ಇವನು ಕಾದಿದನು. ಬಲ ಸಾಲದಾಗ ಕಪ್ಪ ಕೊಟ್ಟು ಕೈಮುಗಿದನು. ಸೈನ್ಯ ಬೆನ್ನು ತಿರುಗಿಸಿದೊಡನೆ ಮತ್ತೆ ಮೊದಲಿನಂತೆಯೇ ಆಳತೊಡಗಿದನು. ಸುತ್ತಲಿನ ಮೊಗಲ ಸೀಮೆಯನ್ನು ಇವನ ಜನ ಲೂಟಿಯನ್ನೂ ಮಾಡಿದರು. ಅದನ್ನು ಮುಚ್ಚಿಟ್ಟು ಅವನನ್ನು ದೇವರನ್ನಾಗಿ ಮಾಡುವುದು ಚರಿತ್ರೆಗೆ ನ್ಯಾಯವಲ್ಲ.

ಕೊನೆಗೆ ಪಾದಶಹನೇ ಹೊರಟನು. 1704ರಲ್ಲಿ ತೋರಣಗಡವನ್ನು ಗೆದ್ದು, ಅದೇ ವರ್ಷದ ಅಕ್ಟೋಬರಿನಲ್ಲಿ ಖೇಡದಿಂದ ದಂಡೆತ್ತಿ, 1705ರ ಫೆಬ್ರುವರಿ 8ರಂದು ವಾಗಣಗೇರಾದ ಮುಂದೆ ಬೀಡುಬಿಟ್ಟನು. ಗುಡ್ಡದ ಕೆಳಗೆ ತಳವಾರಗೇರಾ ಎಂಬ ಪೇಟೆ. ಸುತ್ತ ಚಿಕ್ಕಪುಟ್ಟ ದಿಬ್ಬಗಳು. ಮೊಗಲರು ಲಾಲ್ ಟೇಕಡಿ ಎಂದು ಕರೆದ ಒಂದು ಕೆಂಪು ದಿಬ್ಬವನ್ನು ಅವರ ಸರದಾರರು ಹಠಾತ್ತನೆ ಹಿಡಿದರು. ಅಲ್ಲಿಂದ ಕೋಟೆಯ ಮೇಲೆ ತೋಪು ಹಾರಿಸಬಹುದಾಗಿತ್ತು. ಬೇಡರು ಇರುವೆಗಳಂತೆ ಮುಕುರಿ, ಗುಂಡು ಮತ್ತು ಕಲ್ಲಿನ ಮಳೆಗರೆದು ಅವರನ್ನು ಅಲ್ಲಿಂದ ಇಳಿಸಿದರು. ಆಮೇಲೆ ದಿನದಿಂದ ದಿನಕ್ಕೆ ಮುತ್ತಿಗೆಯ ಹೆಜ್ಜೆ ನಿಧಾನವಾಯಿತು. ಕೋಟೆಯ ಗೋಡೆಯಿಂದ ಒಂದೊಂದೇ ಆಳನ್ನು ಆರಿಸಿ ಹೊಡೆಯುವವರ ಮುಂದೆ ಅಗಳು ತೋಡುವುದು ಸುಲಭವಲ್ಲ.

ಮಾರ್ಚ್ ತಿಂಗಳ ಕೊನೆಗೆ ಧನಾಜಿ ಜಾಧವ, ಹಿಂದೂರಾವ ಮುಂತಾದ ಮರಾಠಾ ಸರದಾರರು ಐದಾರು ಸಾವಿರ ಕುದುರೆಯೊಡನೆ ಬಂದರು. ಅವರಲ್ಲಿ ಅನೇಕರ ಹೆಂಡಿರು ಮಕ್ಕಳು ವಾಗಣಗೇರಾದ ಆಶ್ರಯದಲ್ಲಿದ್ದರು. ಅವರು ಒಂದು ಕಡೆ ಮೊಗಲರೊಡನೆ ಕಾದಾಡುತ್ತ ಇನ್ನೊಂದು ಕಡೆಯಿಂದ ತಮ್ಮ ಕುಟುಂಬಗಳನ್ನು ಸಾಗಿಸಿಕೊಂಡರು. ಬಳಿಕವೂ ಸುತ್ತಲಲ್ಲಿಯೇ ಇದ್ದು ಮೊಗಲರನ್ನು ಕಾಡಲೆಂದು ಪಿಡ್ಡನಾಯಕನು ಅವರಿಗೆ ದಿನದಿನಕ್ಕೆ ಹಣ ಕೊಡುತ್ತಿದ್ದನು.

ಇದೇ ಸಮಯದಲ್ಲಿ ಅವನು ಸಂಧಿಯ ನಾಟಕವನ್ನೂ ಹೂಡಿದನು. ಕಾಶ್ಮೀರದ ಒಬ್ಬ ವ್ಯಾಪಾರಿಯ ಮೂಲಕ ಮಾತು ನಡೆಯಿತು. ತಮ್ಮ ಸೋಮಶಂಕರನನ್ನು ಒತ್ತೆಯಾಗಿ ಪಾದಶಹನ ಬೀಡಿಗೆ ಕಳುಹಿಸಿದನು. ಮೊಗಲರ ಪರವಾಗಿ ಕೋಟೆಯನ್ನು ವಹಿಸಿಕೊಳ್ಳಲು ಮುಹ್ತಶಂಖಾನನೆಂಬ ಅಧಿಕಾರಿ ಕೆಲವೇ ಜನರೊಡನೆ ಒಳಗೆ ಬಂದನು. ಬೀಡಿನಲ್ಲಿ ಗೆಲುವಿನ ವಾದ್ಯ ಮೊಳಗಿತು. ಪಿಡ್ಡನಾಯಕನಿಗೆ ಹುಚ್ಚು ಹಿಡಿದು ಮರಾಠರೊಡನೆ ಓಡಿಹೋದನೆಂಬ ಸುದ್ದಿ ಹಬ್ಬಿತು. ಸೋಮಶಂಕರನನ್ನು ಬಿಟ್ಟರೆ ಅವನೇ ಕೋಟೆಯನ್ನು ಒಪ್ಪಿಸುವನೆಂದು ತಾಯಿ ಹೇಳಿಕಳುಹಿಸಿದಳು. ಪಾದಶಹನು ನಂಬಿ ಬಿಟ್ಟನು. ಸೋಮಶಂಕರನು ಒಳಗೆ ಸೇರಿದನು, ಮುಹ್ತಶಂಖಾನನು ಸೆರೆಯಾಳಾದನು, ಕೋಟೆಯಿಂದ ಮತ್ತೆ ಗುಂಡು ಹಾರಿತು. ಇದನ್ನು ಜಾಣತನ ಎನ್ನುವವರಿದ್ದಾರೆ, ವಚನಭಂಗ ಎನ್ನುವವರಿದ್ದಾರೆ. ಸಣ್ಣ ರಾಜ್ಯದವನಿಗೆ ದೊಡ್ಡವನ ಮುಂದೆ ಬೇರೆ ಉಪಾಯ ಕಡಿಮೆ ಎಂದಷ್ಟೇ ನಾನು ಹೇಳಬಲ್ಲೆ.

ಆದರೆ ನಿಖರವಾದ ಗುಂಡೊಂದರಿಂದಲೇ ಕೋಟೆ ಉಳಿಯುವುದಿಲ್ಲ. ಪಾದಶಹನು ದೂರದಿಂದ ನುಸ್ರತ್ ಜಂಗ್ ಬಿರುದಿನ ಜುಲ್ಫಿಕಾರಖಾನನನ್ನು ಕರೆಸಿದನು. ಅವನೊಡನೆ ಬುಂದೇಲರ ದಲಪತರಾಯನೂ ಬಂದನು. ಅವರು ಮೊದಲು ದಿಬ್ಬಗಳನ್ನು ಒಂದೊಂದಾಗಿ ಹಿಡಿದರು. ಬಳಿಕ ಬೇಡರು ನೀರು ಸೇದುತ್ತಿದ್ದ ಬಾವಿಗಳನ್ನು ವಶಮಾಡಿಕೊಂಡರು. ಏಪ್ರಿಲ್ ತಿಂಗಳ ನಮ್ಮ ಸೀಮೆಯ ಬಿಸಿಲನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ 27ರಂದು ಅವರು ಪೇಟೆಯೊಳಗೆ ನುಗ್ಗಿದರು. ಅಂದು ರಾತ್ರಿ ಪಿಡ್ಡನಾಯಕನು ತನ್ನವರೊಡನೆ ಹಿಂಬದಿಯಿಂದ ಮರಾಠರ ಕಡೆಗೆ ಪಾರಾದನು. ಹೋಗುವಾಗ ಮನೆಗಳಿಗೆ ಬೆಂಕಿಯಿಡಲಾಗಿತ್ತು. ಒಳಹೊಕ್ಕ ಮೊಗಲರಿಗೆ ಸಿಕ್ಕಿದ್ದು ಉರಿಯುವ ಮನೆಗಳು. ನಾಯಕ ಸಿಗಲಿಲ್ಲ, ಭಂಡಾರವೂ ಸಿಗಲಿಲ್ಲ.

ಈ ಗೆಲುವು ಪಾದಶಹನಿಗೆ ದಕ್ಕಲಿಲ್ಲ. ಇಲ್ಲಿಂದ ಹೊರಟು ಕೃಷ್ಣೆಯ ಕಡೆಯ ದೇವಾಪುರದಲ್ಲಿ ಬೀಡುಬಿಟ್ಟಾಗ ಅವನು ಕಾಯಿಲೆ ಬಿದ್ದನು. ಅಕ್ಟೋಬರಿನವರೆಗೆ ಅಲ್ಲಿಯೇ ನಿಂತು, ಬಳಿಕ ಮೆಲ್ಲಗೆ ಅಹ್ಮದನಗರಕ್ಕೆ ಸಾಗಿ, 1707ರಲ್ಲಿ ತೀರಿಕೊಂಡನು. ಇತ್ತ ಪಿಡ್ಡನಾಯಕನ ಮನೆತನ ಅಳಿಯಲಿಲ್ಲ. ವಾಗಣಗೇರಾದ ಮೂಡಣಕ್ಕೆ ಗುಡ್ಡಗಳ ನಡುವೆ ಸುರಪುರ ಹೊಸ ರಾಜಧಾನಿಯಾಯಿತು. ಅದೇ ಮನೆತನದ ರಾಜಾ ವೆಂಕಟಪ್ಪನಾಯಕನು 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಸೋತು, ಅದೇ ವರ್ಷ ಪ್ರಾಣ ನೀಗುವವರೆಗೆ, ಒಂದೂವರೆ ಶತಮಾನ ಆ ವಂಶ ಇಲ್ಲಿ ಆಳಿತು.

ಪಿಡ್ಡನಾಯಕನ ಬಾಳಿನಿಂದ ನಾವು ಕಲಿಯಬೇಕಾದುದು ಏನು? ಕೋವಿ ಹಿಡಿಯುವುದನ್ನಂತೂ ಅಲ್ಲ. ಆ ಕಾಲ ಸಂದುಹೋಯಿತು. ಅವನ ಹೆಸರನ್ನು ಮೆರವಣಿಗೆಯಲ್ಲಿ ಕೂಗುವುದಷ್ಟೇ ಸಾಕೆಂದೂ ನನಗೆ ತೋರುವುದಿಲ್ಲ. ನಾಯಕನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಸೀಸ ಕರಗಿಸಿದವರ, ಗುಂಡು ತೂಗಿದವರ, ಮದ್ದು ಅರೆದವರ ಹೆಸರು ಒಂದೂ ಉಳಿಯಲಿಲ್ಲ. ಅವರಲ್ಲಿ ಓದುಬರಹ ಬಲ್ಲವರು ಎಷ್ಟು ಮಂದಿಯೋ! ಆದರೂ ಒಂದನ್ನು ಇನ್ನೊಂದರೊಡನೆ ಹೋಲಿಸಿ, ಅಳೆದು, ತೂಗಿ, ಸರಿಯಿಲ್ಲದುದನ್ನು ಮರುಕವಿಲ್ಲದೆ ಮತ್ತೆ ಒಲೆಗೆ ಹಾಕುವ ಬುದ್ಧಿ ಅವರಿಗಿತ್ತು. ನಮ್ಮ ಅಧ್ಯಾಪಕರು ಪ್ರಯೋಗಶಾಲೆಯಲ್ಲಿಯೂ ಪ್ರಬಂಧದ ಹಾಳೆಯ ಮೇಲೆಯೂ ನಮ್ಮಿಂದ ಬಯಸುವುದು ಇದೇ ಬುದ್ಧಿಯನ್ನಲ್ಲವೇ?

ಆದುದರಿಂದ, ನನ್ನಂತೆ ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಸಹಪಾಠಿಗಳಿಗೆ ಒಂದು ಮಾತು. ಓದು ನಿಮ್ಮ ರಕ್ತದಲ್ಲಿಲ್ಲವೆಂದು ಯಾರಾದರೂ ಹೇಳಿದರೆ, ಗುರಿಯೂ ಯಾರ ರಕ್ತದಲ್ಲಿಯೂ ಇರಲಿಲ್ಲವೆಂದು ವಾಗಣಗೇರಾದ ಕಡೆಗೆ ಕೈತೋರಿಸಿರಿ. ಆ ಗುಡ್ಡದ ಮೇಲೆ ಅದು ದಿನದಿನದ ದುಡಿಮೆಯಿಂದ, ನೂರರಲ್ಲಿ ಹತ್ತನ್ನು ಆರಿಸಿ ತೊಂಬತ್ತನ್ನು ಮತ್ತೆ ಕರಗಿಸಿದ ತಾಳ್ಮೆಯಿಂದ ಬಂದುದು. ಹಾಗೆ ಬಂದುದನ್ನು ಯಾರು ಬೇಕಾದರೂ ಕಲಿಯಬಹುದು.